ಟೊಕ್ಮಾಕ್ ಮೇಲೆ ಕಟ್ಟಿದ ಬಾಜಿ: ಯುದ್ಧದ ವಿಡಿಯೊ ನೋಡಿ ದಾಳಿಯ ಗತಿ ಹೇಳಬಹುದಾ?

2023ರ ಜೂನ್‌ನಲ್ಲಿ ನಾನು ನಮ್ಮ ಚಿಕ್ಕಪ್ಪನ ಜೊತೆ ಐದು ಕೆಜಿ ಕಾಫಿ ಪುಡಿ ಬಾಜಿ ಕಟ್ಟಿ ಸೋತೆ. ಉಕ್ರೇನ್ ಸೇನೆ ಆಗಸ್ಟ್ ಮುಗಿಯುವುದರೊಳಗೆ, ರಷ್ಯಾದ ಕೈಲಿದ್ದ ಟೊಕ್ಮಾಕ್ ಅನ್ನುವ ಊರನ್ನು ಹಿಡಿಯುತ್ತದೆ ಅಂತ ನನ್ನ ವಾದ. ಚಿಕ್ಕಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇತುವೆ ಕಟ್ಟುವ, ನೆಲಬಾಂಬ್ ತೆಗೆಯುವ ಸೇನೆಯ ಎಂಜಿನಿಯರ್ ಪಡೆಯಲ್ಲಿ ಇದ್ದು ರಿಟೈರ್ ಆದವರು. ಈಗ ಮೂಡಿಗೆರೆ ಹತ್ತಿರ ನಾಲ್ಕೆಕರೆ ರೊಬಸ್ಟಾ ನೋಡಿಕೊಂಡಿದ್ದಾರೆ. ಯೂಟ್ಯೂಬ್‌ನಲ್ಲಿ ಯುದ್ಧದ ಸುದ್ದಿ ನೋಡುವ ಅಭ್ಯಾಸವೇ ಅವರಿಗಿಲ್ಲ. ನಾನು ಹದಿನೈದು ನಿಮಿಷ ಟ್ಯಾಂಕು, ಕ್ಷಿಪಣಿ, ನಕ್ಷೆ ಎಲ್ಲ ವಿವರಿಸಿದ ಮೇಲೆ "ಕ್ರಿಸ್‌ಮಸ್ ಬಂದರೂ ಆಗಲ್ಲ ಕಣೋ" ಅಂದರು. ಅಷ್ಟೇ.

ಆಗ ಮುಂಚೂಣಿಯಿಂದ ಟೊಕ್ಮಾಕ್‌ಗೆ ಇದ್ದ ದೂರ ಸುಮಾರು 30 ಕಿಮೀ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋದಷ್ಟು. ಉಕ್ರೇನ್ ಆ ದಿಕ್ಕಿನಲ್ಲಿ ಇಡೀ ಬೇಸಿಗೆ ಬಡಿದಾಡಿ, ಆಗಸ್ಟ್ ಕೊನೆಗೆ ರೊಬೊಟಿನೆ ಅನ್ನುವ ಒಂದು ಪುಟ್ಟ ಹಳ್ಳಿ ಹಿಡಿದು, ಅಲ್ಲೇ ಆಸುಪಾಸಿನಲ್ಲಿ ನಿಂತುಹೋಯಿತು. ನವೆಂಬರ್ 1ಕ್ಕೆ ಉಕ್ರೇನಿನ ಆಗಿನ ಸೇನಾ ಮುಖ್ಯಸ್ಥ ವಲೇರಿ ಝಲುಝ್ನಿ ಅವರ ಸಂದರ್ಶನ 'ದಿ ಎಕನಾಮಿಸ್ಟ್'ನಲ್ಲಿ ಬಂತು. ಎರಡೂ ಕಡೆ ಸಿಕ್ಕಿಬಿದ್ದ ಹಾಗಾಗಿದೆ, ದೊಡ್ಡದಾಗಿ ಒಳನುಗ್ಗುವುದು ಬಹುಶಃ ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡರು. ಆ ಹೊತ್ತಿಗೆ ಐದು ತಿಂಗಳಲ್ಲಿ ಸೇನೆ ಮುಂದೆ ಹೋಗಿದ್ದು ಹೆಚ್ಚೆಂದರೆ 17 ಕಿಮೀ.

ನಾನು ಪುಡಿ ಕೊಟ್ಟೆ. ಚಿಕೋರಿ ಜಾಸ್ತಿ ಅಂತ ಬೈಸಿಕೊಂಡೆ.

ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಾನು ಸುಳ್ಳು ವಿಡಿಯೊ ನೋಡಿ ಮೋಸ ಹೋದವನಲ್ಲ. ನೋಡಿದ್ದರಲ್ಲಿ ಮುಕ್ಕಾಲು ಪಾಲು ನಿಜವಾದ ವಿಡಿಯೊಗಳೇ. ಎರಡೂ ಕಡೆಯ ಸುದ್ದಿ ಓದುತ್ತಿದ್ದೆ, ದಿನಾ ನಕ್ಷೆ ನೋಡುತ್ತಿದ್ದೆ. ಆದರೂ ಎಡವಟ್ಟಾಯಿತು. ಏನೂ ನೋಡದ ಚಿಕ್ಕಪ್ಪನ ಲೆಕ್ಕ ಸರಿಯಾಯಿತು. ಯಾಕೆ?

ಅದಕ್ಕೆ ಮುಂಚೆ, ನಮ್ಮೂರಿನವರಿಗೆ ಈ ಯುದ್ಧದ ಉಸಾಬರಿ ಯಾಕೆ ಅಂತ ಕೇಳುವವರಿಗೆ ಎರಡು ಮಾತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತಿದ್ದು ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ. ಅದೇ ವರ್ಷ ಪೊಟ್ಯಾಷ್ ಚೀಲದ ಬೆಲೆ 1,700 ರೂಪಾಯಿಗೆ ಏರಿದಾಗ ತೋಟದವರಿಗೆಲ್ಲ ಪೊಟ್ಯಾಷ್ ಬರುವ ಬೆಲಾರೂಸ್ ಎಲ್ಲಿದೆ ಅಂತ ಗೊತ್ತಾಯಿತು. ಸೂರ್ಯಕಾಂತಿ ಎಣ್ಣೆಯ ಕಥೆ ಅಡುಗೆ ಮನೆಯಲ್ಲಿ ಕೇಳಿ. ನಮ್ಮ ಕಾಫಿ ಕೊಳ್ಳುವ ದೊಡ್ಡ ದೇಶಗಳಲ್ಲಿ ರಷ್ಯಾ ಕೂಡ ಒಂದು. ಸಾಕಲ್ವಾ?

ಈಗ ಸುಳ್ಳು ವಿಡಿಯೊಗಳ ವಿಷಯ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಹೆದರುವುದು ಇದಕ್ಕೆ, ಆದರೆ ನಿಜವಾದ ತೊಂದರೆ ಇದಲ್ಲ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಆ ರಾತ್ರಿಗಳಲ್ಲಿ, ನಮ್ಮ ಟಿವಿಯವರು ಕರಾಚಿ ಬಂದರನ್ನು ಸುಟ್ಟು ಬೂದಿ ಮಾಡಿದ್ದು ನೆನಪಿದೆಯಾ? ಬೆಳಗ್ಗೆ ಎದ್ದು ನೋಡಿದರೆ ಬಂದರು ಅಲ್ಲೇ ಇತ್ತು. ಅದೇ ವಾರ 'ಆರ್ಮಾ 3' ಅನ್ನುವ ಕಂಪ್ಯೂಟರ್ ಗೇಮ್‌ನ ತುಣುಕುಗಳು ನಿಜವಾದ ಕಾಳಗ ಅಂತ ಓಡಾಡಿದವು. ಆ ಗೇಮ್ ಮಾಡಿದ ಝೆಕ್ ಕಂಪನಿ 2022ರಲ್ಲೇ, ನಮ್ಮ ಗೇಮ್ ವಿಡಿಯೊ ಗುರುತಿಸುವುದು ಹೇಗೆ ಅಂತ ಹೇಳಿಕೆ ಹೊರಡಿಸಬೇಕಾಗಿ ಬಂದಿತ್ತು. ಕತ್ತಲು, ಮಸುಕು, ಅಲುಗಾಡುವ ಕ್ಯಾಮೆರಾ, ಸುತ್ತ ಒಬ್ಬ ಮನುಷ್ಯನೂ ಇಲ್ಲ ಅಂದರೆ ಅನುಮಾನ ಪಡಿ, ಇಷ್ಟೇ ಅದರ ಸಾರ. ಯುದ್ಧದ ಮೊದಲ ವಾರದ 'ಕೀವ್‌ನ ಭೂತ' ಅನ್ನುವ ಪೈಲಟ್ ಕೂಡ ಕಟ್ಟುಕಥೆ ಅಂತ 2022ರ ಏಪ್ರಿಲ್ ಕೊನೆಗೆ ಉಕ್ರೇನ್ ವಾಯುಸೇನೆಯೇ ಹೇಳಿತು. ಇನ್ನು 2023ರ ಜೂನ್‌ನಲ್ಲಿ ರಷ್ಯಾದ ರಕ್ಷಣಾ ಇಲಾಖೆ, ಹೆಲಿಕಾಪ್ಟರ್‌ನಿಂದ ಜರ್ಮನಿಯ ಲೆಪರ್ಡ್ ಟ್ಯಾಂಕ್ ಹೊಡೆದೆವು ಅಂತ ಒಂದು ವಿಡಿಯೊ ಬಿಟ್ಟಿತು. ಅದು ಟ್ಯಾಂಕ್ ಅಲ್ಲ, ಹೊಲದಲ್ಲಿ ನಿಂತಿದ್ದ ಬೇಸಾಯದ ಯಂತ್ರ ಅಂತ ಮೊದಲು ಎತ್ತಿ ಆಡಿದವರಲ್ಲಿ ರಷ್ಯಾದ ಯುದ್ಧ ಬ್ಲಾಗರ್‌ಗಳೇ ಇದ್ದರು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ವಿಡಿಯೊ ಎಲ್ಲಿಯದು ಅಂತ ಹುಡುಕುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಆನೆ ಬಂದ ವಿಡಿಯೊ ಗ್ರೂಪಿಗೆ ಬಿತ್ತು ಅಂದುಕೊಳ್ಳಿ. "ಬೀಟಮ್ಮ ಗ್ಯಾಂಗ್ (ನಮ್ಮ ಕಡೆ ಓಡಾಡುವ ಆನೆ ಹಿಂಡು), ಈಗ ತಾನೇ, ನಮ್ಮ ರಸ್ತೆ" ಅಂತ ಬರೆದಿರುತ್ತದೆ. ನಾವು ಆನೆ ನೋಡುವುದಿಲ್ಲ. ಹಿಂದಿನ ಸಿಲ್ವರ್ ಓಕ್ ಸಾಲು, ಕರೆಂಟ್ ಕಂಬ, ಮೈಲಿಗಲ್ಲು, ಗೇಟಿನ ಬಣ್ಣ ನೋಡುತ್ತೇವೆ. "ಇದು ಕೇರಳದ ರಬ್ಬರ್ ತೋಟ ಮಾರಾಯ, ಡಿಲೀಟ್ ಮಾಡು" ಅಂತ ಯಾರೋ ಒಬ್ಬರು ಹೇಳುತ್ತಾರೆ. ಯುದ್ಧದ ವಿಡಿಯೊ ಹುಡುಕುವವರು ಮಾಡುವುದೂ ಇದನ್ನೇ. ನೀರಿನ ಟ್ಯಾಂಕ್, ಚರ್ಚಿನ ಗೋಪುರ, ಹೊಲದ ಅಂಚಿನ ಮರದ ಸಾಲು, ರಸ್ತೆಯ ತಿರುವು, ಇವನ್ನು ಉಪಗ್ರಹ ಚಿತ್ರದ ಜೊತೆ ಹೊಂದಿಸಿ ನೋಡುತ್ತಾರೆ. 2014ರಲ್ಲಿ ಶುರುವಾದ ಬೆಲ್ಲಿಂಗ್‌ಕ್ಯಾಟ್ ಅನ್ನುವ ತನಿಖಾ ಗುಂಪು ಇದರಲ್ಲೇ ಹೆಸರು ಮಾಡಿದ್ದು. ಹೀಗೆ ಜಾಗ ಗೊತ್ತಾಗದ ವಿಡಿಯೊವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಸುಳ್ಳಿನ ಕಾಟ ಮುಕ್ಕಾಲು ಭಾಗ ಕಳೆಯಿತು.

ಇನ್ನು ಉಳಿಯುವುದು ನಿಜದ ಕಾಟ. ಅದು ದೊಡ್ಡದು.

ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದ ದಿನ ನಮ್ಮ ವಾಟ್ಸಾಪ್ ಗ್ರೂಪ್ ನೋಡಬೇಕು ನೀವು. "ನಿಮ್ಮಲ್ಲಿ ಎಷ್ಟು?" "ಒಂದಿಂಚು ಇಪ್ಪತ್ತು ಸೆಂಟ್ಸ್." "ನಮ್ಮಲ್ಲಿ ಬರೀ ಮೂವತ್ತು ಸೆಂಟ್ಸ್." "ಇಲ್ಲಿ ರಸ್ತೆಯೂ ಒದ್ದೆ ಆಗಿಲ್ಲ." ಮೂರು ತೋಟಗಳ ನಡುವೆ ಎರಡು ಕಿಲೋಮೀಟರ್ ಇರುವುದಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ (ಒಬ್ಬರನ್ನು ಬಿಟ್ಟು, ಅವರ ಮಳೆಮಾಪಕದ ಮೇಲೆ ಛಾವಣಿಯ ನೀರು ಬೀಳುತ್ತದೆ ಅಂತ ಊರಿಗೆಲ್ಲ ಗೊತ್ತು). ಮಳೆಯೇ ಹಾಗೆ ಬಿದ್ದಿರುತ್ತದೆ. ಈಗ ಸುಮಾರು ಸಾವಿರ ಕಿಮೀ ಉದ್ದದ ಮುಂಚೂಣಿಯನ್ನು ಯೋಚಿಸಿ. ಒಂದು ಡ್ರೋನ್ ವಿಡಿಯೊದಲ್ಲಿ ಕಾಣುವುದು ಒಂದು ಗದ್ದೆಯಷ್ಟು ಜಾಗ, ಒಂದು ನಿಮಿಷದಷ್ಟು ಹೊತ್ತು. ಒಂದು ಗದ್ದೆಯಲ್ಲಿ ಇವರು ಗೆದ್ದಿರುತ್ತಾರೆ, ಪಕ್ಕದ ಗದ್ದೆಯಲ್ಲಿ ಅವರು. ಎರಡೂ ನಿಜ. ಎರಡನ್ನೂ ನೋಡಿ ಸರಾಸರಿ ತೆಗೆಯುತ್ತೇನೆ ಅಂದರೆ ಏನೂ ಸಿಗುವುದಿಲ್ಲ.

ಅದರ ಜೊತೆಗೆ, ಯಾರೂ ತಮಗೆ ಬಿದ್ದ ಏಟಿನ ವಿಡಿಯೊ ಹಾಕುವುದಿಲ್ಲ. ಗುರಿ ತಪ್ಪಿದ ನೂರು ಡ್ರೋನ್‌ಗಳ ವಿಡಿಯೊ ಎಲ್ಲಿದೆ? ತಗುಲಿದ ಒಂದು ಮಾತ್ರ ನಮ್ಮ ಫೋನಿಗೆ ಬರುತ್ತದೆ, ಹಿಂದೆ ಢಂಢಂ ಮ್ಯೂಸಿಕ್ ಸಮೇತ. 2023ರ ಜೂನ್ ಎರಡನೇ ವಾರದಲ್ಲಿ ಮಾಲಾ ಟೊಕ್ಮಾಚ್ಕಾ ಹಳ್ಳಿಯ ಹತ್ತಿರ ಉಕ್ರೇನಿನ ಬ್ರ್ಯಾಡ್ಲಿ ಬಂಡಿಗಳು, ಲೆಪರ್ಡ್ ಟ್ಯಾಂಕ್‌ಗಳು ಒಂದರ ಹಿಂದೆ ಒಂದು ಸಿಕ್ಕಿಕೊಂಡು ಹಾಳಾದ ಚಿತ್ರ ಬಂತು. ಅದೇ ಬಂಡಿಗಳನ್ನು ಮಾರನೇ ದಿನ ಬೇರೆ ಕೋನದಿಂದ ತೋರಿಸಿದರು. ಮೂರನೇ ದಿನ ಇನ್ನೊಂದು ಎತ್ತರದಿಂದ. ನೋಡುವವರಿಗೆ ದಿನಾ ಹೊಸ ಹೊಸ ಟ್ಯಾಂಕ್ ಹೋದ ಹಾಗೆ ಕಾಣುತ್ತಿತ್ತು. ಓರಿಕ್ಸ್ ಅನ್ನುವ ಗುಂಪು ಹಾಳಾದ ಬಂಡಿ ಎಣಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿತ್ತು. ಫೋಟೊ ಇದ್ದರೆ ಮಾತ್ರ ಲೆಕ್ಕ, ಒಂದು ಬಂಡಿಗೆ ಒಂದೇ ಲೆಕ್ಕ. ಅದು ಕೂಡ ಕಡಿಮೆ ಪಕ್ಷ ಇಷ್ಟು ಹೋಗಿದೆ ಅಂತ ಹೇಳುತ್ತದೆಯೇ ಹೊರತು ಒಟ್ಟು ಇಷ್ಟು ಅಂತಲ್ಲ. ಇನ್ನು ಸತ್ತವರ ಸಂಖ್ಯೆ: ಶತ್ರುವಿನ ಸಾವಿನ ಲೆಕ್ಕವನ್ನು ಎರಡೂ ಸರ್ಕಾರಗಳು ಹೇಳುತ್ತವೆ, ಅದನ್ನು ಹಿಡಿದುಕೊಂಡು ದಾಳಿಯ ಗತಿ ಹೇಳಲು ಹೋಗಬೇಡಿ.

ಆಗ ನಮ್ಮಂಥವರು ಏನು ಮಾಡುತ್ತೇವೆ? ವಿಡಿಯೊ ನಂಬಿಕೆಗೆ ಬರುವುದಿಲ್ಲ, ನಕ್ಷೆ ನೋಡೋಣ ಅನ್ನುತ್ತೇವೆ. ನಾನೂ ಅದೇ ಮಾಡಿದೆ. ಉಕ್ರೇನಿನವರ ಡೀಪ್‌ಸ್ಟೇಟ್ ನಕ್ಷೆ, ವಾಷಿಂಗ್ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ವಾರ್ ನಕ್ಷೆ, ಎರಡೂ ಫೋನಿನಲ್ಲಿ ಇದ್ದವು. ಬೆಳಗ್ಗೆ ಕಾಫಿ ಜೊತೆ ನೋಡುತ್ತಿದ್ದೆ. ಒಂದು ಕೆಂಪು ಚುಕ್ಕೆ ಬಣ್ಣ ಬದಲಾಯಿಸಿದರೆ ಖುಷಿ. ಆದರೆ ನಕ್ಷೆ ತೋರಿಸುವುದು ಆಗಿಹೋದದ್ದನ್ನು. ಇದು ನನಗೆ ಅರ್ಥವಾಗಿದ್ದು ನಾಲ್ಕು ದಾಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಮೊದಲನೆಯದು ಖಾರ್ಕಿವ್, 2022ರ ಸೆಪ್ಟೆಂಬರ್. 6ನೇ ತಾರೀಕು ಶುರು, 8ಕ್ಕೆ ಬಲಾಕ್ಲಿಯಾ, 10ಕ್ಕೆ ಕುಪಿಯಾನ್ಸ್ಕ್ ಮತ್ತು ಇಝ್ಯೂಮ್. ನಕ್ಷೆ ಒಂದೇ ವಾರದಲ್ಲಿ ಬದಲಾಯಿತು, ದಾಳಿ ಗೆದ್ದಿತು. ಎರಡನೆಯದು ಖೆರ್ಸೋನ್, ಅದೇ ವರ್ಷ. ಆಗಸ್ಟ್ 29ಕ್ಕೆ ಶುರುವಾದದ್ದು ವಾರಗಟ್ಟಲೆ ತೆವಳಿತು. ಸೆಪ್ಟೆಂಬರ್‌ನಲ್ಲಿ ನಕ್ಷೆ ನೋಡಿದ ಯಾರಾದರೂ ಇದು ಸೋತ ದಾಳಿ ಅನ್ನುತ್ತಿದ್ದರು. ಆದರೆ ನವೆಂಬರ್ 11ಕ್ಕೆ ಉಕ್ರೇನ್ ಸೈನಿಕರು ನಗರದೊಳಗೆ ಇದ್ದರು, ಬೀದಿ ಕಾಳಗವೇ ಇಲ್ಲದೆ. ಮೂರನೆಯದು ನಾನು ಬಾಜಿ ಸೋತ 2023ರ ಪ್ರತಿದಾಳಿ. ಇದೂ ತೆವಳಿತು, ಇದು ಮಾತ್ರ ಸೋತಿತು. ನಾಲ್ಕನೆಯದು ಕುರ್ಸ್ಕ್, 2024ರ ಆಗಸ್ಟ್ 6. ಉಕ್ರೇನ್ ಸೇನೆ ರಷ್ಯಾದ ನೆಲಕ್ಕೇ ನುಗ್ಗಿತು. ಒಂದೇ ವಾರದಲ್ಲಿ ಸಾವಿರ ಚದರ ಕಿಮೀ ನಮ್ಮ ಕೈಲಿದೆ ಅಂತ ಸೇನಾ ಮುಖ್ಯಸ್ಥ ಸಿರ್ಸ್ಕಿ ಹೇಳಿದರು. ನಕ್ಷೆ ಖಾರ್ಕಿವ್‌ನಷ್ಟೇ ಚೆನ್ನಾಗಿ ಕಾಣುತ್ತಿತ್ತು. 2025ರ ಮಾರ್ಚ್‌ನಲ್ಲಿ ಸುಜಾ ಪಟ್ಟಣವೂ ಕೈಬಿಟ್ಟಿತು.

ಒಂದು ಬೇಗ ಹೋಗಿ ಗೆದ್ದಿತು, ಇನ್ನೊಂದು ಬೇಗ ಹೋಗಿ ಸೋತಿತು. ಒಂದು ನಿಧಾನ ಹೋಗಿ ಗೆದ್ದಿತು, ಇನ್ನೊಂದು ನಿಧಾನ ಹೋಗಿ ಸೋತಿತು. ಮೊದಲ ಎರಡು ವಾರದ ನಕ್ಷೆ ನೋಡಿ ಯಾವುದು ಯಾವುದು ಅಂತ ಹೇಳಲು ಆಗುತ್ತಿರಲಿಲ್ಲ. ಹೂ ಎಣಿಸಿ ಫಸಲು ಹೇಳಿದ ಹಾಗೆ. ಕಾಫಿ ಬೋರ್ಡಿನವರೂ ಹೂವಿನ ನಂತರ ಒಂದು ಅಂದಾಜು ಕೊಟ್ಟು, ಮಳೆಗಾಲ ಮುಗಿದ ಮೇಲೆ ಮತ್ತೊಂದು ಅಂದಾಜು ಕೊಡುತ್ತಾರೆ. ನಡುವೆ ಬ್ಯಾಕಿಂಗ್ ಮಳೆ (ಹೂವಾದ ಮೇಲಿನ ಮಳೆ) ಬರಬೇಕು, ಕಾಯಿ ಕಚ್ಚಬೇಕು, ಜುಲೈ ಮಳೆಗೆ ಉದುರದೆ ನಿಲ್ಲಬೇಕು.

ಹಾಗಾದರೆ ಆ ನಾಲ್ಕನ್ನು ಬೇರೆ ಮಾಡಿದ್ದು ಏನು? ಮುಂಚೂಣಿಯ ಹಿಂದೆ ಇದ್ದದ್ದು. ದಾರಿ, ಸೇತುವೆ, ಮೀಸಲು ಪಡೆ, ಕಂದಕ. ವಿಡಿಯೊಗಳಲ್ಲಿ ಅತಿ ಕಡಿಮೆ ಕಾಣುವ ವಸ್ತುಗಳು.

ಖೆರ್ಸೋನ್ ತೆಗೆದುಕೊಳ್ಳಿ. ರಷ್ಯಾದ ಪಡೆ ದ್ನಿಪ್ರೊ ನದಿಯ ಬಲದಂಡೆಯಲ್ಲಿ ಇತ್ತು, ಬೆನ್ನ ಹಿಂದೆ ಅಷ್ಟು ಅಗಲದ ನದಿ. ಜುಲೈಯಿಂದಲೇ ಉಕ್ರೇನ್ ಹೈಮಾರ್ಸ್ ರಾಕೆಟ್‌ಗಳಿಂದ ಆಂಟೊನಿವ್ಕಾ ಸೇತುವೆಗೆ ತೂತು ಹೊಡೆಯುತ್ತಾ ಬಂತು. ಆಮೇಲೆ ಅಲ್ಲಿ ಶೆಲ್ಲು, ಡೀಸೆಲ್ಲು, ಊಟ ಎಲ್ಲ ದೋಣಿ ಮೇಲೆ, ತೇಲುಸೇತುವೆ ಮೇಲೆ ಬರಬೇಕಾಯಿತು. ಶಿರಾಡಿ ಘಾಟ್ ಕುಸಿದ ಜುಲೈ ತಿಂಗಳು ನೆನಪಿಸಿಕೊಳ್ಳಿ. ಸಕಲೇಶಪುರದಲ್ಲಿ ಲಾರಿಗಳ ಸಾಲು ಹೇಗಿರುತ್ತದೆ, ಚಾರ್ಮಾಡಿ ಕಡೆ ತಿರುಗಿಸಿದರೆ ಅಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ರೈಲಿನ ಮಾರ್ಗದಲ್ಲೂ ಗುಡ್ಡ ಜರಿದಿರುತ್ತದೆ. ಮಂಗಳೂರಲ್ಲಿ ಹಡಗು ಕಾಯುತ್ತಿದ್ದರೆ ಏನು ಬಂತು? ಖೆರ್ಸೋನ್‌ನಲ್ಲಿ ಗುಂಡು ಹಾರಿಸುವವರು ಸೋತಿರಲಿಲ್ಲ, ಅವರ ಘಾಟ್ ರಸ್ತೆ ಸೋತಿತ್ತು. ಹಳ್ಳಿ ಎಷ್ಟು ಹಿಡಿದರು ಅಂತ ಎಣಿಸಿದವರಿಗೆ ಅದು ಕಾಣಲಿಲ್ಲ, ಸೇತುವೆಯ ಉಪಗ್ರಹ ಚಿತ್ರ ನೋಡಿದವರಿಗೆ ಕಂಡಿತು.

ಕುರ್ಸ್ಕ್‌ನಲ್ಲಿ ಅದೇ ಪಾಠ ತಿರುಗಿ ಉಕ್ರೇನಿಗೆ ಬಿತ್ತು. ಉಕ್ರೇನಿನ ಸುಮಿ ಕಡೆಯಿಂದ ಸುಜಾಗೆ ಹೋಗಲು ಇದ್ದ ಮುಖ್ಯ ದಾರಿ ಒಂದೇ. ಜ್ಯಾಮ್ ಮಾಡಲಾಗದ, ದಾರದಂಥ ಫೈಬರ್ ಎಳೆದುಕೊಂಡು ಹಾರುವ ರಷ್ಯಾದ ಡ್ರೋನ್‌ಗಳು 2025ರ ಶುರುವಿನಲ್ಲಿ ಆ ರಸ್ತೆಯ ಮೇಲೆ ಕಾದು ಕೂತವು. ಸಾವಿರ ಚದರ ಕಿಮೀ ಬಣ್ಣ ಬಳಿದ ನಕ್ಷೆಗೆ ಒಂದೇ ಒಂದು ಕೊಳವೆಯಲ್ಲಿ ನೀರು. ಆ ಕೊಳವೆಗೆ ತೂತು ಬಿದ್ದ ಮೇಲೆ ಎಷ್ಟು ದಿನ?

ಖಾರ್ಕಿವ್ ಗೆದ್ದಿದ್ದು ಇನ್ನೊಂದು ಕಾರಣಕ್ಕೆ. ಎಲ್ಲರೂ ಖೆರ್ಸೋನ್, ಖೆರ್ಸೋನ್ ಅಂತ ಕೂಗುತ್ತಿದ್ದಾಗ ರಷ್ಯಾ ತನ್ನ ಒಳ್ಳೆಯ ಪಡೆಗಳನ್ನು ಆ ಕಡೆ ಸಾಗಿಸಿತ್ತು. ಖಾರ್ಕಿವ್ ಕಡೆ ಉಳಿದದ್ದು ತೆಳ್ಳಗಿನ ಒಂದು ಸಾಲು. ಹಿಂದೆ ಮೀಸಲು ಪಡೆ ಇಲ್ಲ. ಬೇಲಿ ಒಂದು ಕಡೆ ಮುರಿದರೆ ಒಳಗೆ ತಡೆಯುವವರು ಯಾರೂ ಇರಲಿಲ್ಲ.

ಈಗ ನನ್ನ ಸೋಲಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಉತ್ತರದ ಅರ್ಧ ಭಾಗ ದಾಳಿ ಶುರುವಾಗುವ ಮುಂಚೆಯೇ ಕಣ್ಣೆದುರಿಗೆ ಇತ್ತು.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮೋಡ ಇಲ್ಲದಿದ್ದರೆ ಸುಮಾರು ಐದು ದಿನಕ್ಕೊಂದು ಹೊಸ ಚಿತ್ರ, ಒಂದು ಚುಕ್ಕೆಗೆ 10 ಮೀಟರ್. ಟ್ಯಾಂಕ್ ಅದರಲ್ಲಿ ಕಾಣುವುದಿಲ್ಲ. ಆದರೆ ಹೊಲದ ಮಧ್ಯೆ ಕಿಲೋಮೀಟರ್‌ಗಟ್ಟಲೆ ತೋಡಿದ ಕಂದಕ ಕಾಣುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ನೀರಿಗೆ ಹೊಂಡ ತೋಡಿದರೆ ಕಾಣುವ ಹಾಗೆ. 2022ರ ಕೊನೆಯಿಂದ 2023ರ ವಸಂತದವರೆಗೆ ರಷ್ಯಾ ಟೊಕ್ಮಾಕ್ ಕಡೆ ಒಂದರ ಹಿಂದೆ ಒಂದು ಸಾಲು ತೋಡುತ್ತಿತ್ತು. ಕಂದಕ, ಟ್ಯಾಂಕ್ ತಡೆಯುವ ಕಾಲುವೆ, 'ಡ್ರ್ಯಾಗನ್ ಹಲ್ಲು' ಅನ್ನುವ ಕಾಂಕ್ರೀಟ್ ಗೂಟ. ರಷ್ಯಾದ ಜನರಲ್ ಸುರೊವಿಕಿನ್ ಹೆಸರು ಅಂಟಿಕೊಂಡ ಸಾಲು ಅದು. ಆಸಕ್ತರು ಮನೆಯಲ್ಲೇ ಕೂತು ಅದನ್ನೆಲ್ಲ ಗೆರೆ ಎಳೆದು ನಕ್ಷೆ ಮಾಡಿ ಹಾಕಿದ್ದರು. ನಾನು ಅದನ್ನು ನೋಡಿಯೂ ಇದ್ದೆ. ನೋಡಿ ಏನು ಮಾಡಿದೆ? ಲೆಪರ್ಡ್ ಟ್ಯಾಂಕ್ ರೈಲಿನಲ್ಲಿ ಬರುವ ವಿಡಿಯೊ ಕಡೆ ತಿರುಗಿದೆ. ಅದು ಚೆನ್ನಾಗಿತ್ತು ನೋಡಲು.

ಚಿಕ್ಕಪ್ಪ ಮಾತ್ರ ಬಾಜಿಯ ದಿನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನೆಲಬಾಂಬ್ ತೆಗೆಯೋಕೆ ಎಷ್ಟು ಗಾಡಿ ಇದೆ ಅವರ ಹತ್ರ?" ನನಗೆ ಗೊತ್ತಿರಲಿಲ್ಲ. ಅದು ಮುಖ್ಯ ಅಂತಲೂ ಅನ್ನಿಸಿರಲಿಲ್ಲ.

ಆಮೇಲೆ ಅವರೇ ವಿವರಿಸಿದರು, ಕಣದಲ್ಲಿ ಕಾಫಿ ಹರವುವ ಗೋರಿಮಣೆ ಹಿಡಿದು ನೆಲದ ಮೇಲೆ ಗೆರೆ ಎಳೆದು. ನೆಲಬಾಂಬ್ ಇಟ್ಟ ಹೊಲದಲ್ಲಿ ಸೇನೆ ಹರಡಿಕೊಂಡು ಹೋಗಲು ಆಗುವುದಿಲ್ಲ. ಮೊದಲು ರಾಕೆಟ್ ಕಟ್ಟಿದ ಸ್ಫೋಟಕದ ಹಗ್ಗ ಹಾರಿಸಿ ಸಿಡಿಸಬೇಕು. ಒಂದು ಸಲಕ್ಕೆ ಸುಮಾರು 100 ಮೀಟರ್ ಉದ್ದದ, ಗಾಡಿ ಹೋಗುವಷ್ಟು ಅಗಲದ ಓಣಿ ಆಗುತ್ತದೆ. ಅದರ ಹಿಂದೆ ನೇಗಿಲು ಕಟ್ಟಿದ ಟ್ಯಾಂಕ್ ಹೋಗಬೇಕು, ಉಳಿದದ್ದನ್ನು ಪಕ್ಕಕ್ಕೆ ತಳ್ಳಲು. ಅದರ ಹಿಂದೆ ಉಳಿದ ಗಾಡಿಗಳು, ಒಂದೇ ಸಾಲಿನಲ್ಲಿ. ಮುಂದಿನ ಗಾಡಿ ನಿಂತರೆ ಹಿಂದಿನವು ಪಕ್ಕಕ್ಕೆ ತಿರುಗುವ ಹಾಗಿಲ್ಲ, ತಿರುಗಿದರೆ ಬಾಂಬ್. ಟೊಕ್ಮಾಕ್ ಇರುವ ಝಪೊರಿಝಿಯಾ ಪ್ರಾಂತ್ಯದಲ್ಲಿ ನೆಲಬಾಂಬ್ ಹೊಲ ಕೆಲವು ಕಡೆ 500 ಮೀಟರ್‌ವರೆಗೆ ಆಳ ಇತ್ತು. ತೆಗೆದ ಓಣಿಗೆ ರಾತ್ರಿ ಮತ್ತೆ ದೂರದಿಂದ ಬಾಂಬ್ ಎರಚುತ್ತಿದ್ದರು. ಮೇಲೆ ಡ್ರೋನ್ ನೋಡುತ್ತಿರುತ್ತದೆ, ಕಿಲೋಮೀಟರ್‌ಗಳ ದೂರದಲ್ಲಿ ರಷ್ಯಾದ ಕೆಎ-52 ಹೆಲಿಕಾಪ್ಟರ್ ಕಾದಿರುತ್ತದೆ. ಮಾಲಾ ಟೊಕ್ಮಾಚ್ಕಾದ ಆ ಫೋಟೊದಲ್ಲಿ ಬ್ರ್ಯಾಡ್ಲಿಗಳು ಒಂದಕ್ಕೊಂದು ಅಂಟಿಕೊಂಡು ಯಾಕೆ ನಿಂತಿದ್ದವು ಅಂತ ನನಗೆ ಆಗ ಹೊಳೆಯಿತು. ಓಣಿ ಮುಗಿದಿತ್ತು.

ಅಂದರೆ ಆ ಫೋಟೊದಲ್ಲಿ ಎಷ್ಟು ಟ್ಯಾಂಕ್ ಹೋದವು ಅನ್ನುವುದು ಮುಖ್ಯವಲ್ಲ. ಇಂಥ ಕೆಲಸದಲ್ಲಿ ಮೊದಲ ದಿನ ಗಾಡಿ ಹೋಗಿಯೇ ಹೋಗುತ್ತವೆ. ಓಣಿ ಆ ಕಡೆ ಬಾಯಿ ಬಿಟ್ಟಿತಾ, ಎಷ್ಟು ಓಣಿ, ಅದರಲ್ಲಿ ಎರಡನೇ ಸಾಲಿನ ಪಡೆ ದಾಟಿ ಹೋಯಿತಾ, ಇದು ಮುಖ್ಯ. ಹೋಗಲಿಲ್ಲ. ಜೂನ್ ಮಧ್ಯದ ಹೊತ್ತಿಗೆ ಅವರು ದೊಡ್ಡ ಗಾಡಿ ಸಾಲು ಬಿಟ್ಟು, ಮರದ ಸಾಲು ಹಿಡಿದು ಕಾಲ್ನಡಿಗೆಯಲ್ಲಿ ಸಣ್ಣ ಗುಂಪುಗಳಾಗಿ ಹೋಗತೊಡಗಿದ್ದರು. ಜೀವ ಉಳಿಸಿಕೊಳ್ಳಲು ಅದು ಸರಿಯಾದ ತೀರ್ಮಾನವೇ, ಆದರೆ ಆ ತೀರ್ಮಾನ ಆದ ದಿನವೇ ನನ್ನ 30 ಕಿಮೀ ಬಾಜಿ ಸತ್ತುಹೋಗಿತ್ತು. ನಾನು ಆಮೇಲೂ ಎರಡು ತಿಂಗಳು ನಕ್ಷೆ ನೋಡುತ್ತಾ ಕೂತಿದ್ದೆ.

ಇನ್ನೊಂದು ಗುರುತು ಆಗಸ್ಟ್‌ನಲ್ಲಿ ಬಂತು. ಉಕ್ರೇನಿನ 82ನೇ ಏರ್ ಅಸಾಲ್ಟ್ ಬ್ರಿಗೇಡ್ ಅಂತ ಒಂದು, ಒಳ್ಳೆಯ ಪಾಶ್ಚಾತ್ಯ ಗಾಡಿಗಳನ್ನು ಕೊಟ್ಟು ಕಾದಿರಿಸಿದ್ದ ಪಡೆ. ರೊಬೊಟಿನೆ ಹತ್ತಿರ ಅದರ ಸ್ಟ್ರೈಕರ್, ಚಾಲೆಂಜರ್ ಗಾಡಿಗಳು ಕಾಣಿಸಿಕೊಂಡವು. "ಮೀಸಲು ಇಳಿಸಿದ್ದಾರೆ, ಇನ್ನು ನುಗ್ಗುತ್ತಾರೆ" ಅಂತ ಒಂದು ಕಡೆಯ ಚಾನೆಲ್‌ಗಳು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಕಾದಿರಿಸಿದ ಪಡೆಯನ್ನು ಇಳಿಸುವುದು ಎರಡು ಕಾರಣಕ್ಕೆ: ಬಾಗಿಲು ತೆರೆದಿದೆ ಅಂತ ಒಳಗೆ ನುಗ್ಗಿಸಲು, ಇಲ್ಲವೇ ಬಾಗಿಲು ಮುರಿಯುವವರು ಸುಸ್ತಾಗಿದ್ದಾರೆ ಅಂತ ಅವರ ಜಾಗದಲ್ಲಿ ನಿಲ್ಲಿಸಲು. ವಿಡಿಯೊದ ಜಾಗ ನೋಡಿದರೆ ಯಾವುದು ಅಂತ ಗೊತ್ತಾಗುತ್ತಿತ್ತು. ಅವರು ಕಾಣಿಸಿಕೊಂಡಿದ್ದು ಹಳೆಯ ಪಡೆ ಮೊದಲೇ ಬಡಿದಾಡುತ್ತಿದ್ದ ಜಾಗದಲ್ಲೇ.

ಯಾರ ಮಾತು ನಂಬಬೇಕು ಅಂತ ಜನ ಕೇಳುತ್ತಾರೆ. ನನ್ನ ಲೆಕ್ಕ ವ್ಯಾಪಾರಿಗಳಿಂದ ಕಲಿತದ್ದು. ಹೂ ಬಿಟ್ಟಾಗ ಬೆಳೆಗಾರ "ಈ ಸಲ ಏನೂ ಇಲ್ಲ ಸ್ವಾಮಿ" ಅನ್ನುತ್ತಾನೆ, ವ್ಯಾಪಾರಿ "ಬಂಪರ್ ಫಸಲು, ರೇಟು ಬೀಳುತ್ತದೆ" ಅನ್ನುತ್ತಾನೆ. ಇಬ್ಬರ ಮಾತಿಗೂ ಬೆಲೆ ಇಲ್ಲ. ವ್ಯಾಪಾರಿಯೇ ಬಂದು "ಮಾಲು ಸಿಗುತ್ತಿಲ್ಲ" ಅಂದರೆ ಮಾತ್ರ ಕಿವಿ ನೆಟ್ಟಗಾಗಬೇಕು. ಹಾಗೆಯೇ ಯುದ್ಧದಲ್ಲಿ ತನ್ನ ಕಡೆಯವರ ವಿರುದ್ಧ ಹೇಳುವ ಮಾತಿಗೆ ತೂಕ ಜಾಸ್ತಿ. ಬೇಸಾಯದ ಯಂತ್ರದ ವಿಡಿಯೊವನ್ನು ಗೇಲಿ ಮಾಡಿದ ರಷ್ಯಾದ ಬ್ಲಾಗರ್‌ಗಳು ಅದಕ್ಕೇ ನೆನಪಿರಲಿ ಅಂದಿದ್ದು. ಖಾರ್ಕಿವ್ ಕುಸಿಯುವಾಗಲೂ ಬಲಾಕ್ಲಿಯಾದಲ್ಲಿ ಪರಿಸ್ಥಿತಿ ಕೆಟ್ಟಿದೆ ಅಂತ ಮೊದಲು ಬರೆದವರು ಅವರೇ. ಅವರ ರಕ್ಷಣಾ ಇಲಾಖೆ ಸೆಪ್ಟೆಂಬರ್ 10ಕ್ಕೆ ಬಾಯಿ ಬಿಟ್ಟು, ಪಡೆಗಳನ್ನು 'ಮರುಜೋಡಣೆ' ಮಾಡುತ್ತಿದ್ದೇವೆ ಅಂದಿತು. ಡೀಪ್‌ಸ್ಟೇಟ್‌ನವರೂ ಹಾಗೆ, ಉಕ್ರೇನ್ ಸೇನೆ ಒಪ್ಪಿಕೊಳ್ಳುವ ಮುಂಚೆಯೇ ಹಳ್ಳಿ ಕೈಬಿಟ್ಟಿದ್ದನ್ನು ತೋರಿಸಿ ಬೈಸಿಕೊಂಡಿದ್ದಾರೆ. ಆದರೆ ಇದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2023ರಲ್ಲಿ ರಷ್ಯಾದ ಬಾಡಿಗೆ ಸೈನ್ಯ ವಾಗ್ನರ್‌ನ ಮುಖ್ಯಸ್ಥ ಪ್ರಿಗೋಝಿನ್ ಶೆಲ್ ಕೊಡುತ್ತಿಲ್ಲ, ನಮ್ಮವರು ಸಾಯುತ್ತಿದ್ದಾರೆ ಅಂತ ಹೆಣಗಳ ಮುಂದೆ ನಿಂತು ಕಿರುಚಿದ. ರಷ್ಯಾ ಸೋಲುತ್ತಿದೆ ಅಂತ ನಾನು ಅಂದುಕೊಂಡೆ. ಅವನಿಗೆ ಅವನದೇ ಜಗಳ ಇತ್ತು, ರಕ್ಷಣಾ ಮಂತ್ರಿಯ ಜೊತೆ. ಮೇ 20ಕ್ಕೆ ಬಖ್ಮುತ್ ಹಿಡಿದೆ ಅಂತ ಅವನೇ ಸಾರಿದ. ಬಖ್ಮುತ್ ಬಗ್ಗೆ ಇನ್ನೊಂದು ಮಾತು: ಯುದ್ಧಕ್ಕೆ ಮುಂಚೆ ಸುಮಾರು 70 ಸಾವಿರ ಜನ ಇದ್ದ ಊರಿಗೆ ಹತ್ತು ತಿಂಗಳು. ಫಸಲು ಬಂತು, ಆದರೆ ಕೊಯ್ಲಿನ ಕೂಲಿ ಕಳೆದು ನೋಡಿದರೆ ಏನು ಉಳಿಯಿತು ಅನ್ನುವ ಹಾಗೆ.

ಬೆಂಕಿಯ ಚುಕ್ಕೆಗಳ ನಕ್ಷೆಯನ್ನೂ ನಾನು ನೋಡುತ್ತೇನೆ. ನಾಸಾದ ಫರ್ಮ್ಸ್. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಹುಲ್ಲು ಹೊತ್ತಿಕೊಂಡಾಗ ಅರಣ್ಯ ಇಲಾಖೆಗೆ ಹೋಗುವ ಎಚ್ಚರಿಕೆಯ ಹಿಂದೆ ಇರುವುದೂ ಇದೇ ಉಪಗ್ರಹಗಳ ಮಾಹಿತಿ. ಯುದ್ಧದಲ್ಲಿ ಶೆಲ್ ಬಿದ್ದಲ್ಲಿ ಬೆಂಕಿ, ಬೆಂಕಿ ಇದ್ದಲ್ಲಿ ಚುಕ್ಕೆ. ಯಾವ ಚಾನೆಲ್ ಏನೇ ಹೇಳಲಿ, ಚುಕ್ಕೆಗಳ ಸಾಲು ಹಿಂದೆ ಸರಿಯಿತಾ ಮುಂದೆ ಬಂತಾ ಅಂತ ನೋಡಬಹುದು. ಆದರೆ ಒಂದು ಚುಕ್ಕೆ ಅಂದರೆ 375 ಮೀಟರ್, ಮೋಡ ಇದ್ದರೆ ಏನೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಗೋಧಿ ಕೂಳೆ ಹೊತ್ತಿಕೊಂಡರೂ ಅದೇ ಚುಕ್ಕೆ.

ಈಗ ನಾನು ಮಾಡುವುದು ಇಷ್ಟು. ತೋಟದ ಮಳೆ ರಿಜಿಸ್ಟರ್ ಇದೆಯಲ್ಲ, ಅದರ ಹಿಂದಿನ ಪುಟಗಳಲ್ಲಿ ಬರೆದಿಡುತ್ತೇನೆ. ಯಾವ ದಾಳಿ, ಅವರ ಗುರಿ ಯಾವ ಊರು, ಯಾವ ತಾರೀಕಿನೊಳಗೆ, ಹತ್ತರಲ್ಲಿ ಎಷ್ಟು ಸಾಧ್ಯತೆ, ಏನು ಕಂಡರೆ ನನ್ನ ಅಂದಾಜು ತಪ್ಪು ಅಂತ ಒಪ್ಪಿಕೊಳ್ಳುತ್ತೇನೆ. ಈ ಕೊನೆಯದು ಬರೆಯುವುದೇ ಕಷ್ಟ. ಬರೆಯದಿದ್ದರೆ ಮಾತ್ರ ಮನಸ್ಸು ದಿನಾ ಗೋಲ್‌ಪೋಸ್ಟನ್ನು ಎರಡು ಅಡಿ ಆಚೆ ಇಡುತ್ತದೆ. ಮೊದಲು ಟೊಕ್ಮಾಕ್ ಅಂದವನು ಆಮೇಲೆ ರೊಬೊಟಿನೆ ಹಿಡಿದರೂ ಗೆದ್ದ ಹಾಗೇ ಅಂತ ಹೇಳುತ್ತಿದ್ದೆ, ನನ್ನ ಬಾಯಿಂದಲೇ.

ಇದೆಲ್ಲ ಮಾಡಿದ ಮೇಲೂ ಲೆಕ್ಕ ತಪ್ಪುತ್ತದೆ. 2025ರ ನವೆಂಬರ್ 20ಕ್ಕೆ ರಷ್ಯಾದ ಜನರಲ್ ಗೆರಾಸಿಮೊವ್, ಕುಪಿಯಾನ್ಸ್ಕ್ ಪೂರ್ತಿ ನಮ್ಮ ಕೈಗೆ ಬಂತು ಅಂತ ಪುಟಿನ್‌ಗೆ ವರದಿ ಒಪ್ಪಿಸಿದರು. ಹೌದು, 2022ರಲ್ಲಿ ಉಕ್ರೇನ್ ವಾಪಸ್ ಪಡೆದ ಅದೇ ಕುಪಿಯಾನ್ಸ್ಕ್. ಈಗಿನ ಯುದ್ಧದಲ್ಲಿ ಎರಡು ಮೂರು ಜನರ ಗುಂಪು ಡ್ರೋನ್ ಕಣ್ಣು ತಪ್ಪಿಸಿ ಒಳಗೆ ನುಸುಳಿ, ಒಂದು ಬಾವುಟ ಹಾರಿಸಿ ವಿಡಿಯೊ ಮಾಡಿಕೊಂಡು ಹೋಗುತ್ತದೆ, ಬಾವುಟ ಹಾರಿತು ಅಂದರೆ ಊರು ಹೋಯಿತು ಅಂತಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ರಿಜಿಸ್ಟರ್‌ನಲ್ಲಿ ಹತ್ತಕ್ಕೆ ಏಳು ಅಂತ ಬರೆದು, ಊರು ಹೋಗಿದೆ ಅಂದೆ. ತಪ್ಪು ಅಂತ ಒಪ್ಪಲು ಬೇಕಾದ ಗುರುತು: ಊರ ಬಾಗಿಲಲ್ಲಿ ಹಗಲು ಹೊತ್ತು ಉಕ್ರೇನಿನವರ ವಿಡಿಯೊ. ಡಿಸೆಂಬರ್ 12ಕ್ಕೆ ಝೆಲೆನ್ಸ್ಕಿಯೇ ಹೋಗಿ ಕುಪಿಯಾನ್ಸ್ಕ್ ಅಂತ ಬರೆದ ಫಲಕದ ಮುಂದೆ ನಿಂತು ಮಾತಾಡಿದರು.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಈ ಸಲ ಅವರ ಜೊತೆ ಬಾಜಿ ಕಟ್ಟಿರಲಿಲ್ಲ, ಸುಮ್ನೆ ಹೇಳಿದ್ದು. ಕೊಯ್ಲಿನ ಸಮಯ, ಅವರು ಕಣದಲ್ಲಿ ಇದ್ದರು. "ಸೋತವನು ಸೋತವನೇ, ಎರಡು ಕೆಜಿ ಕಳಿಸು. ಈ ಸಲ ಚಿಕೋರಿ ಬೇಡ" ಅಂದರು.